ಬಲ್ಬ್ ಉರಿದರೆ ಪೂರ್ತಿ ಅಂಕ ಕೊಡಬಹುದಾ?

ವೈರಿಂಗ್ ಪ್ರಾಕ್ಟಿಕಲ್‌ನಲ್ಲಿ ಎಲ್ಲರ ಬೋರ್ಡೂ ಕೆಲಸ ಮಾಡುತ್ತದೆ, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಂಕ ಬರುತ್ತದೆ, ನಿಜವಾಗಿ ಕಲಿತವರು ಯಾರು ಎಂದು ತಿಳಿಯುವುದು ಹೇಗೆ ಅಂತ ಕೇಳಿದ್ದೀರಿ. ನಾನೂ ಎಲೆಕ್ಟ್ರಿಕಲ್ ವರ್ಕ್‌ಶಾಪ್‌ನಲ್ಲಿ ಕಲಿಸುವವನೇ. ಶುರುವಿನಲ್ಲಿ ಬಲ್ಬ್ ಉರಿಯಿತಾ, ಹತ್ತಕ್ಕೆ ಹತ್ತು ಎನ್ನುತ್ತಿದ್ದೆ.

ಒಂದು ಸಲ ಹಾಗೆ ಪೂರ್ತಿ ಅಂಕ ಕೊಟ್ಟಿದ್ದ ಬೋರ್ಡನ್ನು ಬಿಚ್ಚಿ ನೋಡಿದೆ. ಹುಡುಗ ಸ್ವಿಚ್ಚನ್ನು ಫೇಸ್‌ಗೆ, ಅಂದರೆ ಕರೆಂಟ್ ತರುವ ವೈರ್‌ಗೆ, ಹಾಕುವ ಬದಲು ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್‌ಗೆ ಹಾಕಿದ್ದ. ಹಾಗೆ ಹಾಕಿದರೂ ಬಲ್ಬ್ ಸರಿಯಾಗೇ ಉರಿಯುತ್ತದೆ, ಆರುತ್ತದೆ. ಆದರೆ ಸ್ವಿಚ್ ಆಫ್ ಇದ್ದಾಗಲೂ ಹೋಲ್ಡರ್‌ಗೆ ಫೇಸ್ ಬರುತ್ತಲೇ ಇರುತ್ತದೆ. ಬಲ್ಬ್ ಬದಲಿಸಲು ಕೈ ಹಾಕಿದವರ ಗತಿ? ಅದಕ್ಕೆ ನಾನು ಬೆನ್ನು ಬೇರೆ ತಟ್ಟಿದ್ದೆ!

ಈಗ ಮುಚ್ಚಳ ಹಾಕುವ ಮೊದಲೇ ನೋಡುತ್ತೇನೆ. ನಾನು ಅಂಕ ಹಾಕುವ ಶೀಟ್‌ನಲ್ಲಿ ಹೌದು ಅಥವಾ ಇಲ್ಲ ಎನ್ನಬಹುದಾದ ಸಾಲುಗಳು ಮಾತ್ರ ಇವೆ. ಸ್ವಿಚ್ ಫೇಸ್‌ನಲ್ಲಿದೆಯಾ? ಸ್ಕ್ರೂ ಕೆಳಗೆ ಇನ್ಸುಲೇಷನ್ (ವೈರಿನ ಪ್ಲಾಸ್ಟಿಕ್ ಹೊದಿಕೆ) ಸಿಕ್ಕಿಕೊಂಡಿದೆಯಾ? ಎಳೆದರೆ ವೈರ್ ಕಿತ್ತು ಬರುತ್ತದಾ? 'ಅಚ್ಚುಕಟ್ಟುತನ' ಎಂದು ಬರೆದರೆ ಒಬ್ಬೊಬ್ಬ ಮೇಷ್ಟ್ರು ಒಂದೊಂದು ಅಂಕ ಹಾಕುತ್ತಾರೆ, ಅಲ್ವಾ? ಶೀಟನ್ನು ಮೊದಲ ದಿನವೇ ಮಕ್ಕಳಿಗೆ ಕೊಟ್ಟುಬಿಡಿ, ಗುಟ್ಟೇನಿಲ್ಲ. ಸುರಕ್ಷತೆಗೆ ಮಾತ್ರ ಅಂಕ ಇಡಬೇಡಿ. ಸಪ್ಲೈ ಆಫ್ ಆಗಿದೆಯಾ ಎಂದು ಪರೀಕ್ಷಿಸದೆ ವೈರ್ ಮುಟ್ಟಿದರೆ ಕೆಲಸ ಅಲ್ಲಿಗೇ ನಿಲ್ಲಬೇಕು. ಎರಡು ಅಂಕ ಕಳೆಯುತ್ತೇನೆ ಎಂದರೆ, ಎಂಟು ಬಂತಲ್ಲ ಸಾಕು ಎಂದುಕೊಳ್ಳುತ್ತಾರೆ.

ಇಷ್ಟೆಲ್ಲಕ್ಕಿಂತ ಜಾಸ್ತಿ ಗೊತ್ತಾಗುವುದು ದೋಷ ಹುಡುಕಿಸಿದಾಗ. ಮೆಟ್ಟಿಲಿನ ಲೈಟನ್ನು ಮೇಲಿಂದಲೂ ಕೆಳಗಿಂದಲೂ ಹಾಕಿ ಆರಿಸಲು ಎರಡು ಸ್ವಿಚ್ ಇಡುವ ಟೂ-ವೇ ವೈರಿಂಗ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ಸ್ವಿಚ್‌ನಲ್ಲಿ ಕಾಮನ್ ವೈರನ್ನೂ (ಫೇಸ್‌ಗೋ ಬಲ್ಬಿಗೋ ಹೋಗುವುದು) ಇನ್ನೊಂದು ಸ್ವಿಚ್‌ಗೆ ಹೋಗುವ ಪಕ್ಕದ ವೈರನ್ನೂ ಅದಲು ಬದಲು ಮಾಡಿ ಇಡುತ್ತೇನೆ. ಆಗ ಮೊದಲ ಸ್ವಿಚ್ ಒಂದು ಕಡೆಗಿದ್ದರೆ ಎರಡನೆಯದು ಕೆಲಸ ಮಾಡುತ್ತದೆ, ಇನ್ನೊಂದು ಕಡೆಗಿದ್ದರೆ ಎಷ್ಟು ಒತ್ತಿದರೂ ಇಲ್ಲ. ಕೆಲವರು ಬೋರ್ಡ್ ಕೊಟ್ಟ ತಕ್ಷಣ ಎಲ್ಲ ವೈರ್ ಬಿಚ್ಚಲು ಶುರು ಮಾಡುತ್ತಾರೆ. ಕೆಲವರು ಎರಡೂ ಸ್ವಿಚ್ಚನ್ನು ನಾಲ್ಕೂ ಥರ ಒತ್ತಿ ನೋಡಿ, ಬಲ್ಬ್ ಯಾವಾಗ ಉರಿಯಿತು ಎಂದು ಬರೆದುಕೊಂಡು, ಆಮೇಲೆ ಸಪ್ಲೈ ತೆಗೆದು, ಯಾವ ವೈರ್ ಎಲ್ಲಿಗೆ ಸೇರಿದೆ ಎಂದು ನೋಡಲು ಮಲ್ಟಿಮೀಟರ್ ಹಿಡಿಯುತ್ತಾರೆ. ಈ ಎರಡನೆಯವರಿಗೆ ಸಮಯದೊಳಗೆ ದೋಷ ಸಿಗದಿದ್ದರೂ ನಾನು ಹೆಚ್ಚು ಅಂಕ ಕೊಡುತ್ತೇನೆ. ಪಕ್ಕದವನ ಬೋರ್ಡ್ ನೋಡಿ ವೈರ್ ಜೋಡಿಸಬಹುದು. ಒಬ್ಬೊಬ್ಬರಿಗೆ ಒಂದೊಂದು ದೋಷ ಕೊಟ್ಟರೆ ಪಕ್ಕಕ್ಕೆ ನೋಡಿ ಏನೂ ಸಿಗುವುದಿಲ್ಲ.

ಮೂವತ್ತು ಮಕ್ಕಳಿದ್ದರೆ ಎಲ್ಲರನ್ನೂ ಒಂದೇ ದಿನ ನೋಡಲು ಹೋಗಬೇಡಿ. ದಿನಕ್ಕೆ ನಾಲ್ಕೈದು ಜನರ ಪಕ್ಕ ಶೀಟ್ ಹಿಡಿದು ನಿಂತರೆ ಸಾಕು. ಮತ್ತೆ, ಶೀಟ್ ಬಳಸುವ ಮೊದಲು ಒಂದೇ ಬೋರ್ಡಿಗೆ ನೀವೂ ಇನ್ನೊಬ್ಬ ಮೇಷ್ಟ್ರೂ ಬೇರೆ ಬೇರೆಯಾಗಿ ಟಿಕ್ ಹಾಕಿ ನೋಡಿ. ಯಾವ ಸಾಲಿನಲ್ಲಿ ನಿಮ್ಮಿಬ್ಬರ ಟಿಕ್ ಬೇರೆಯಾಯಿತೋ ಆ ಸಾಲನ್ನು ತಿದ್ದಿ ಬರೆಯಿರಿ.