ದೋಣಿಗಳನ್ನು ತಡೆದದ್ದು ಯಾವುದು?

ಮೆಲ್ಬರ್ನ್‌ನಿಂದ ಪತ್ರ ಬರೆದಿರುವ ಓದುಗ ಮಿತ್ರರಿಗೆ ನಮಸ್ಕಾರ.

ಆಶ್ರಯ ಕೋರಿ ದೋಣಿಯಲ್ಲಿ ಬಂದವರನ್ನು ಆಸ್ಟ್ರೇಲಿಯಾ ಸರ್ಕಾರವು ಪೆಸಿಫಿಕ್ ಸಾಗರದ ಪುಟ್ಟ ದೇಶವಾದ ನೌರು ದ್ವೀಪಕ್ಕೆ ಸಾಗಿಸಿ ಅಲ್ಲಿ ಇರಿಸುವ ಪದ್ಧತಿ ಕೊನೆಗೊಳ್ಳಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ತಾವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ತಮ್ಮಂತಹವರು ಅರ್ಜಿ ಹಾಕಿ, ಪರೀಕ್ಷೆ ಬರೆದು, ವರ್ಷಗಟ್ಟಲೆ ಕಾದು ವೀಸಾ ಪಡೆದಿರುವಾಗ ದೋಣಿಯವರು ಸರದಿ ತಪ್ಪಿಸಿ ಬರುವುದು ನ್ಯಾಯವಲ್ಲ ಎಂಬುದು ಒಂದು. ಶಿಬಿರಗಳ ಭಯವಿಲ್ಲದಿದ್ದರೆ ಇನ್ನಷ್ಟು ಜನ ಕಡಲ ಪಾಲಾಗುತ್ತಾರೆ ಎಂಬುದು ಇನ್ನೊಂದು.

ಸರದಿಯ ಮಾತಿಗೆ ಉತ್ತರ ಚಿಕ್ಕದು. ಉದ್ಯೋಗದ ವೀಸಾಕ್ಕೆ ಸರದಿ ಇದೆ. ಜೀವ ಉಳಿಸಿಕೊಳ್ಳಲು ಅಫ್ಘಾನಿಸ್ತಾನ ಬಿಟ್ಟು ಓಡಿದ, ಅಲ್ಲಿನ ಅಲ್ಪಸಂಖ್ಯಾತ ಹಜಾರಾ ಸಮುದಾಯದ ಕುಟುಂಬಕ್ಕೆ ಅಂತಹ ಸಾಲು ಎಲ್ಲಿತ್ತು? ಪ್ರವಾಸಿ ವೀಸಾದ ಮೇಲೆ ವಿಮಾನದಲ್ಲಿ ಬಂದಿಳಿದು, ಆಮೇಲೆ ಆಶ್ರಯ ಕೇಳುವವರನ್ನು ಆಸ್ಟ್ರೇಲಿಯಾ ನೌರುವಿಗೆ ಕಳುಹಿಸುವುದಿಲ್ಲ. ಇಬ್ಬರ ಬೇಡಿಕೆಯೂ ಒಂದೇ ಆಗಿರುವಾಗ, ಬಂದ ವಾಹನವನ್ನು ನೋಡಿ ಒಬ್ಬನನ್ನು ಊರೊಳಗೂ ಇನ್ನೊಬ್ಬನನ್ನು ದ್ವೀಪದಲ್ಲೂ ಇರಿಸುವುದನ್ನು ನಾವು ನ್ಯಾಯವೆಂದು ಒಪ್ಪಲಾರೆವು.

ಎರಡನೆಯ ಆಕ್ಷೇಪ ಗಂಭೀರವಾದದ್ದು, ಏಕೆಂದರೆ ಕಡಲಿನ ಸಾವುಗಳು ನಿಜ. 2001ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದಿಂದ ಹೊರಟ ಒಂದೇ ದೋಣಿ ಮುಳುಗಿ 353 ಜನ ಸತ್ತರು. ಆದರೆ ಟಾಂಪಾ ಎಂಬ ನಾರ್ವೆಯ ಸರಕು ಹಡಗು ಕಡಲಿನಿಂದ ಎತ್ತಿದ 433 ಜನರನ್ನು ನೆಲಕ್ಕಿಳಿಯಲು ಬಿಡದೆ ಅಂದಿನ ಪ್ರಧಾನಿ ಜಾನ್ ಹೊವಾರ್ಡ್ ಸರ್ಕಾರವು ನೌರು ಯೋಜನೆಯನ್ನು ಘೋಷಿಸಿದ್ದು ಅದಕ್ಕೂ ಮೊದಲೇ ಎಂಬುದನ್ನು ಗಮನಿಸಬೇಕು. 2008ರಲ್ಲಿ ಮುಚ್ಚಿದ್ದ ಶಿಬಿರಗಳನ್ನು 2012ರಲ್ಲಿ ಮತ್ತೆ ತೆರೆಯಲಾಯಿತು. ಅದರ ಮರುವರ್ಷ ದೋಣಿಯಲ್ಲಿ ಬಂದವರು 20 ಸಾವಿರಕ್ಕೂ ಹೆಚ್ಚು. ದೋಣಿಯಲ್ಲಿ ಬಂದ ಯಾರಿಗೂ ಆಸ್ಟ್ರೇಲಿಯಾದಲ್ಲಿ ನೆಲೆಯಿಲ್ಲವೆಂದು 2013ರ ಜುಲೈ 19ರಂದು ಘೋಷಿಸಿದ ಬಳಿಕ ಸಂಖ್ಯೆ ಇಳಿಯತೊಡಗಿತೆಂಬುದು ನಿಜ. ಆದರೂ ದೋಣಿಗಳು ಬಹುಮಟ್ಟಿಗೆ ನಿಂತದ್ದು, ನೌಕಾಪಡೆ ಅವುಗಳನ್ನು ನಡುಗಡಲಲ್ಲೇ ತಡೆದು ಹಿಂದಿರುಗಿಸತೊಡಗಿದ ಮೇಲೆ. (ಅದರ ತಪ್ಪು ಒಪ್ಪುಗಳು ಬೇರೆಯೇ ಚರ್ಚೆ.) 2014ರ ನಂತರ 2023ರವರೆಗೆ ಹೊಸಬರನ್ನು ದ್ವೀಪಗಳಿಗೆ ಕಳುಹಿಸಲೇ ಇಲ್ಲ, ಮೊದಲೇ ಸಿಕ್ಕಿಬಿದ್ದವರು ಮಾತ್ರ ವರ್ಷಾನುಗಟ್ಟಲೆ ಅಲ್ಲೇ ಉಳಿದರು. ಅನಾರೋಗ್ಯ ಪೀಡಿತರನ್ನು ವೈದ್ಯರ ಸಲಹೆಯ ಮೇರೆಗೆ ಕರೆತರುವ ಕಾನೂನು 2019ರ ಆರಂಭದಲ್ಲಿ ಬಂದಾಗ ಕಡಲ ದಾರಿ ಮತ್ತೆ ತೆರೆದುಕೊಳ್ಳುತ್ತದೆಂದು ಸರ್ಕಾರ ಎಚ್ಚರಿಸಿತ್ತು. ಸುಮಾರು 190 ಜನ ಬಂದರು, ದೋಣಿಗಳ ಸಾಲು ಬರಲಿಲ್ಲ. ಆದರೂ ಅದೇ ಡಿಸೆಂಬರ್‌ನಲ್ಲಿ ಆ ಕಾನೂನನ್ನು ರದ್ದುಪಡಿಸಿದರು.

ಆ ಕಾನೂನು ಏಕೆ ಬೇಕಾಯಿತೆಂಬುದನ್ನು ಮರೆಯಬಾರದು. ಪಪುವಾ ನ್ಯೂಗಿನಿ ದೇಶದ ಮಾನಸ್ ದ್ವೀಪದಲ್ಲೂ ಆಸ್ಟ್ರೇಲಿಯಾದ ಇಂತಹದೇ ಶಿಬಿರವಿತ್ತು. ಅಲ್ಲಿದ್ದ 24 ವರ್ಷದ ಇರಾನಿ ಯುವಕನೊಬ್ಬನಿಗೆ 2014ರಲ್ಲಿ ಕಾಲಿಗೆ ಸೋಂಕು ತಗುಲಿತು. ಬೇರೆ ಆಸ್ಪತ್ರೆಗೆ ಸಾಗಿಸಬೇಕೆಂಬ ವೈದ್ಯರ ಕೋರಿಕೆಗೆ ಒಪ್ಪಿಗೆ ಸಿಗುವಷ್ಟರಲ್ಲಿ ನಂಜು ಮೈಗೇರಿತ್ತು, ಅವನು ತೀರಿಕೊಂಡನು. ಅದು ತಪ್ಪಿಸಬಹುದಾಗಿದ್ದ ಸಾವು ಎಂದು ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮರಣ ವಿಚಾರಣೆ ನಡೆಸಿದ ಅಧಿಕಾರಿ 2018ರಲ್ಲಿ ತೀರ್ಮಾನಿಸಿದರು. ಮಾನಸ್‌ನಲ್ಲಿ ಜನರನ್ನು ಕೂಡಿಹಾಕುವುದು ಸಂವಿಧಾನಕ್ಕೆ ವಿರುದ್ಧವೆಂದು ಪಪುವಾ ನ್ಯೂಗಿನಿಯ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿತ್ತು. ಮರುವರ್ಷ ಆಸ್ಟ್ರೇಲಿಯಾ ಸರ್ಕಾರವು ಅಲ್ಲಿದ್ದ 1,905 ಮಂದಿಗೆ 7 ಕೋಟಿ ಡಾಲರ್ ಪರಿಹಾರ ಕೊಟ್ಟು ಮೊಕದ್ದಮೆಯನ್ನು ರಾಜಿಯಲ್ಲಿ ಮುಗಿಸಿಕೊಂಡಿತು. ಭಯ ಹುಟ್ಟಿಸುವುದಕ್ಕೆಂದು ಒಬ್ಬ ಮನುಷ್ಯನ ಬದುಕನ್ನು ಇನ್ನೊಬ್ಬನಿಗೆ ಉದಾಹರಣೆಯಾಗಿ ಬಳಸುವ ಈ ಕ್ರಮ, ಅದರಿಂದ ಫಲ ದೊರೆತಿದ್ದರೂ ನಮಗೆ ಒಪ್ಪಿಗೆಯಾಗುತ್ತಿರಲಿಲ್ಲ.

ಹಳಬರಲ್ಲಿ ಕೊನೆಯವರನ್ನು 2023ರ ಜೂನ್‌ನಲ್ಲಿ ನೌರುವಿನಿಂದ ಕರೆತಂದರು. ಸೆಪ್ಟೆಂಬರ್‌ನಲ್ಲಿ ಹೊಸಬರನ್ನು ಮತ್ತೆ ಕಳುಹಿಸಲಾಯಿತು. ಬೆಂಗಳೂರಿನಲ್ಲಿ ಕುಳಿತು ನಾವು ಬರೆಯಬಲ್ಲೆವೇ ಹೊರತು ಅಲ್ಲಿನ ಚುನಾವಣೆಯಲ್ಲಿ ನಮಗೆ ಮತವಿಲ್ಲ. ತಾವು ಈಗ ಅಲ್ಲಿನ ಪೌರರಾಗಿರುವುದಾಗಿ ಬರೆದಿದ್ದೀರಿ. ಆ ದ್ವೀಪದಲ್ಲಿ ಇಂದು ಎಷ್ಟು ಜನರಿದ್ದಾರೆ, ಎಷ್ಟು ದಿನಗಳಿಂದ ಇದ್ದಾರೆ ಎಂದು ತಮ್ಮ ಕ್ಷೇತ್ರದ ಸಂಸದರನ್ನು ಪತ್ರ ಬರೆದು ಕೇಳಿ. ಬಂದ ಉತ್ತರವನ್ನು ನಮಗೂ ಕಳುಹಿಸಿದರೆ ಪ್ರಕಟಿಸುತ್ತೇವೆ.

— ಸಂಪಾದಕ