ದಂಡ ಎಷ್ಟು ಅಂತ ಆಮೇಲೆ ಕೇಳಿ, ಸಾಲ ಎಷ್ಟಿದೆ ಅಂತ ಮೊದಲು ಕೇಳಿ

ಕರಾವಳಿಯ ಹಾಗೆ ನಮ್ಮ ಕೆರೆಯಲ್ಲೂ ಮಳೆಗಾಲದಲ್ಲಿ ಮೀನು ಹಿಡಿಯೋದು ನಿಲ್ಲಿಸಬೇಕು, ತಪ್ಪಿದವರಿಗೆ ದಂಡ ಎಷ್ಟು, ಕಾವಲಿಗೆ ಯಾರು ಅಂತ ಕೇಳಿದ್ದೀರಿ. ನಾವೂ ಇಲ್ಲಿಂದಲೇ ಶುರು ಮಾಡಿದ್ದು.

ನಮ್ಮದು ಕೊಪ್ಪಳ ಕಡೆ, ತುಂಗಭದ್ರಾ ಹಿನ್ನೀರಿನ ಊರು. ಹೊಸ ನೀರು ಬಂದಾಗ ಕಟ್ಲಾ, ರೋಹು ಮೊಟ್ಟೆ ಇಡೋಕೆ ಹೊಳೆ ಕಡೆ ಏರುತ್ತವೆ. ಆಗ ಬಲೆ ಬಿಟ್ಟರೆ ಮುಂದಿನ ವರ್ಷದ ಮೀನು ಎಲ್ಲಿಂದ ಬರಬೇಕು? ಮೀನುಗಾರರ ಸಂಘದ ಸಭೆಯಲ್ಲಿ ನಿಷೇಧಕ್ಕೆ ಎಲ್ಲರೂ ಕೈ ಎತ್ತಿ ಒಪ್ಪಿದರು. ಆದರೂ ರಾತ್ರಿ ಹರಿಗೋಲು ಇಳಿದವು.

ಯಾರ ಬಲೆ ಯಾರ ದುಡ್ಡಿನದು ಅಂತ ಸಭೆಯಲ್ಲಿ ಯಾರೂ ಕೇಳಿರಲಿಲ್ಲ. ನಮ್ಮನ್ನು ಮುಳುಗಿಸಿದ್ದು ಅದೇ. ಅರ್ಧಕ್ಕರ್ಧ ಬಲೆ ವ್ಯಾಪಾರಿ ಕೊಟ್ಟ ಮುಂಗಡದಲ್ಲಿ ತಂದಿದ್ದು. ಮುಂಗಡ ತೀರುವ ತನಕ ಮೀನು ಅವನಿಗೇ ಹಾಕಬೇಕು, ಅವನು ಹೇಳಿದ ದರಕ್ಕೆ, ಮಳೆಗಾಲದಲ್ಲೂ. ಸಿಕ್ಕಿಬಿದ್ದವನಿಗೆ ನಾವು ದಂಡ ಹಾಕಿದೆವು. ಆ ದಂಡ ಕಟ್ಟೋಕೆ ಅವನು ಮತ್ತೆ ಅದೇ ವ್ಯಾಪಾರಿ ಹತ್ತಿರ ಸಾಲ ಮಾಡಿದ, ಸಾಲ ತೀರಿಸೋಕೆ ಮತ್ತೆ ರಾತ್ರಿ ನೀರಿಗಿಳಿದ. ಅಂದರೆ ನಮ್ಮ ದಂಡವೇ ಅವನ ಕೈಗೆ ಬಲೆ ಕೊಟ್ಟಿತು. ಕೊನೆಗೆ ಅಣ್ಣತಮ್ಮಂದಿರ ನಡುವೆ ಜಗಳ ಬಿದ್ದು ಸಂಘವೇ ಎರಡಾಯಿತು.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ ಇದೆ, ನಿಜ. ಆದರೆ ಅದು ದೊಡ್ಡ ಯಾಂತ್ರಿಕ ದೋಣಿಗಳಿಗೆ. 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ನಾಡದೋಣಿಗೆ ಅಲ್ಲೂ ವಿನಾಯಿತಿ ಇದೆ. ಜೊತೆಗೆ ನಿಷೇಧದ ದಿನಗಳ ಖರ್ಚಿಗೆ ಅಂತ ಇರುವ ಉಳಿತಾಯ ಪರಿಹಾರ ಯೋಜನೆಯಲ್ಲಿ ಮೀನುಗಾರ 1500 ರೂಪಾಯಿ ಕಟ್ಟಿದರೆ ಸರ್ಕಾರ 3000 ಸೇರಿಸಿ ಕೊಡುತ್ತದೆ. ಇದನ್ನೆಲ್ಲ ಬಿಟ್ಟು ನಿಷೇಧ ಒಂದನ್ನೇ ಎತ್ತಿಕೊಂಡು ಬಂದರೆ ಬಡವನ ಒಲೆ ಆರುತ್ತದೆ ಅಷ್ಟೇ.

ಹಾಗಾಗಿ ಕಾವಲುಗಾರ ಬೇಡ, ಅವನಿಗೆ ಕೊಡುವ ಸಂಬಳ ಸುಮ್ನೆ ವ್ಯರ್ಥ. ದಸರಾದಿಂದ ಯುಗಾದಿವರೆಗೆ ಮೀನು ಚೆನ್ನಾಗಿ ಬೀಳುವಾಗ ಪ್ರತಿ ಮನೆಯಿಂದ ಸ್ವಲ್ಪ ಸ್ವಲ್ಪ ಸಂಘಕ್ಕೆ ಎತ್ತಿಡಿ. ಮೊದಲು ಅದರಲ್ಲಿ ವ್ಯಾಪಾರಿಯ ಮುಂಗಡ ಬಿಡಿಸಿ. ಲೆಕ್ಕದ ಪುಸ್ತಕ ಮೀನು ಮಾರುವ ಹೆಣ್ಣುಮಕ್ಕಳ ಕೈಯಲ್ಲಿರಲಿ, ಯಾರು ಯಾರಿಗೆ ಎಷ್ಟು ಕೊಡಬೇಕು ಅಂತ ಅವರಿಗೆ ಗೊತ್ತಿರುವಷ್ಟು ಗಂಡಸರಿಗೆ ಗೊತ್ತಿಲ್ಲ. ಈ ಮಳೆಗಾಲಕ್ಕೆ ಮರಿಗಳನ್ನೂ ಬಾಚುವ ಸಣ್ಣ ಕಣ್ಣಿನ ಬಲೆ ಮಾತ್ರ ನಿಲ್ಲಿಸಿ, ಪೂರ್ತಿ ನಿಷೇಧದ ಮಾತು ಮುಂಗಡ ತೀರಿದ ಮೇಲೆ ಆಡಿ.