ಬಿಸಿಲೆ ಘಾಟಿಗೆ ಸೈಕಲ್: ಯಾವ ದಿಕ್ಕಿನಿಂದ ಹೊರಡಬೇಕು?

ಸಕಲೇಶಪುರದಿಂದ ಬಿಸಿಲೆ ಘಾಟಿ ದಾಟಿ ಸುಬ್ರಹ್ಮಣ್ಯಕ್ಕೆ ಸೈಕಲ್ಲಿನಲ್ಲಿ ಹೋಗುವುದು ಲೇಸೋ ಅಥವಾ ಅಲ್ಲಿಂದ ಇತ್ತ ಏರಿ ಬರುವುದು ಲೇಸೋ ಎಂದು ಕೇಳಿದ್ದೀರಿ. ಮೊದಲ ಸಲವಾದರೆ ಸಕಲೇಶಪುರದಿಂದಲೇ ಹೊರಡಿ. ಊರು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವುದರಿಂದ ಒಟ್ಟಾರೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು. ಆದರೂ ಹೆತ್ತೂರು, ವನಗೂರುಗಳವರೆಗೆ ರಸ್ತೆ ಕಾಫಿ ತೋಟ ಮತ್ತು ಗದ್ದೆಬಯಲುಗಳ ನಡುವೆ ಏರಿಳಿಯುತ್ತಾ ಸಾಗುವುದರಿಂದ, ಇಳಿಜಾರೇ ಹೆಚ್ಚೆಂದು ನಂಬಿ ಹೊರಟವರು ಬಿಸಿಲೆ ತಲುಪುವಷ್ಟರಲ್ಲೇ ಬಳಲಿರುತ್ತಾರೆ.

ನಿಜವಾದ ಕಷ್ಟ ಇಳಿಯುವಲ್ಲಿದೆ. ತಿರುವುಗಳು ಒಂದರ ಹಿಂದೊಂದು ಬರುವುದರಿಂದ ಬ್ರೇಕನ್ನು ಒತ್ತಿಯೇ ಹಿಡಿಯದೆ, ಹಿಡಿದು ಬಿಡುತ್ತಾ ಇಳಿಯಬೇಕು. ನನ್ನ ಮೊದಲ ಇಳಿತದಲ್ಲಿ ರಬ್ಬರ್ ಸುಟ್ಟ ವಾಸನೆ ಬಂದು ನಿಲ್ಲಿಸಿದಾಗ, ರಿಮ್ ಮುಟ್ಟಲಾಗದಷ್ಟು ಕಾದಿತ್ತು. ಆದ್ದರಿಂದ ಹೊರಡುವ ಮುನ್ನವೇ ಬ್ರೇಕ್ ರಬ್ಬರ್ ಹೊಸದು ಹಾಕಿಸಿ, ಒಂದು ಟ್ಯೂಬ್ ಮತ್ತು ಪಂಪು ಜೊತೆಗಿರಲಿ.

ಬಿಸಿಲೆಯಲ್ಲಿ ಸೈಕಲ್ ನಿಲ್ಲಿಸಿ ವೀಕ್ಷಣಾ ಸ್ಥಳಕ್ಕೆ ದಯವಿಟ್ಟು ನಡೆದೇ ಹೋಗಿ. ಮಂಜು ಸರಿದರೆ ಕುಮಾರಪರ್ವತ ಎದುರಿಗೇ ನಿಲ್ಲುತ್ತದೆ. ಈ ಸೀಮೆಯ ಬೆಟ್ಟಸಾಲಿನ ನೆತ್ತಿಯಿಂದ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿಯಿಂದ ಕಾವೇರಿ ಸೇರಿ ಬಂಗಾಳಕೊಲ್ಲಿಗೂ, ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರೆಯಿಂದ ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೂ ಹೋಗುತ್ತದೆ. ಅಲ್ಲಿಂದ ಕಾಡಿನೊಳಗೆ ಮುಂದೆ ನಡೆಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.

ಮಳೆಗಾಲ ಬೇಡ. ರಸ್ತೆ ಪಾಚಿಗಟ್ಟಿ ಜಾರುತ್ತದೆ, ಉಂಬಳದ (ರಕ್ತ ಹೀರುವ ಜಿಗಣೆಯ) ಕಾಟ ಬೇರೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಚೆನ್ನು. ಆನೆಗಳ ಓಡಾಟವಿರುವ ದಾರಿಯಾದ್ದರಿಂದ ಬೆಳಕು ಹರಿದ ಮೇಲೆ ಹೊರಟು, ಮಧ್ಯಾಹ್ನದೊಳಗೆ ಘಾಟಿ ಇಳಿದುಬಿಡಿ.